ಹೆಸರಿನಲ್ಲೇ ನಾಡನ್ನು ಹೊತ್ತವರು: ಬೀಳಗಿಯ ಕರ್ನಾಟಕಿ ಸೋದರಿಯರು ಮತ್ತು ನಮ್ಮ ಮರೆವು

ಕೃಷ್ಣೆ ಮತ್ತು ತುಂಗಭದ್ರೆಯರ ನಡುವಿನ ಮಾನ್ವಿ ಸೀಮೆಗೆ ಹಾಡು ಹೊಸದಲ್ಲ. ಚೀಕಲಪರ್ವಿಯ ವಿಜಯದಾಸರು, ಮಾನ್ವಿಯಲ್ಲಿ ನೆಲೆನಿಂತ ಜಗನ್ನಾಥದಾಸರು, ನೆರೆಯ ದೇವದುರ್ಗ ಸೀಮೆಯ ಮೊಸರಕಲ್ಲಿನ ಗೋಪಾಲದಾಸರು ಈ ನೆಲದವರೇ. ದಾಸರ ಪದಗಳು ಕೇಳಿದ ಕಿವಿಗಳೇ ಇಲ್ಲಿ ಮೊಹರಮ್ಮಿನ ಅಲಾಯಿ ಕುಣಿಯ ಸುತ್ತ ರಿವಾಯತ್ ಪದಗಳನ್ನು ಕೇಳಿದವು. ಸುಗ್ಗಿ ಮುಗಿದ ಮೇಲೆ ಬಯಲಾಟಕ್ಕೆ ಅಟ್ಟ ಕಟ್ಟುತ್ತಿದ್ದರು. ಈ ಹಾಡುಗಳ ಬದಿಯಲ್ಲಿ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಹೊಸ ಸದ್ದೊಂದು ಬಂದು ಸೇರಿತು. ಅದು ಕಂಪನಿ ನಾಟಕದ ಕಾಲ್ಪೆಟ್ಟಿಗೆಯ ಸದ್ದು. ಅದರ ಹಿಂದೆಯೇ ಗ್ರಾಮೋಫೋನಿನ ತಟ್ಟೆ, ಅದರ ಹಿಂದೆ ಮಾತನಾಡುವ ಸಿನಿಮಾ.

ಆ ಸದ್ದಿನೊಳಗೆ ಎರಡು ದನಿಗಳಿದ್ದವು. ಬೀಳಗಿ ಎಂಬ ಸಣ್ಣ ಊರಿನ ಅಮೀರ್‌ಬಾಯಿ ಮತ್ತು ಗೋಹರ್‌ಬಾಯಿ ಎಂಬ ಅಕ್ಕತಂಗಿಯರ ದನಿಗಳವು. ಮುಂಬೈಗೆ ಹೋದ ಮೇಲೆ ಇಬ್ಬರೂ ತಮ್ಮ ಹೆಸರಿನ ಮುಂದೆ 'ಕರ್ನಾಟಕಿ' ಎಂದು ಹಚ್ಚಿಕೊಂಡರು. ಒಬ್ಬಾಕೆಯ ಹಾಡನ್ನು 1943ರಲ್ಲಿ ದೇಶಕ್ಕೆ ದೇಶವೇ ಗುನುಗಿತು. ಇನ್ನೊಬ್ಬಾಕೆ ಮರಾಠಿ ರಂಗಭೂಮಿಯ ಅತಿ ದೊಡ್ಡ ನಟನ ಬಾಳಸಂಗಾತಿಯಾದಳು. ಆದರೂ ಕನ್ನಡಿಗರಾದ ನಾವು ಇವರನ್ನು ಬಹುಕಾಲ ನೆನೆಯಲಿಲ್ಲ. ಕನ್ನಡ ಮುಸ್ಲಿಮರೂ ಇವರನ್ನು ನಮ್ಮವರೆಂದು ಹೇಳಿಕೊಳ್ಳಲಿಲ್ಲ. ಇದು ಏಕೆ ಹೀಗಾಯಿತು ಎಂದು ಕೇಳಿಕೊಳ್ಳುವುದು ಈ ಬರಹದ ಉದ್ದೇಶ.

ಮೂರು ಸರಕಾರಗಳು, ಒಂದು ಡೇರೆ

ಆ ಕಾಲದ ನಕಾಶೆಯನ್ನು ಮೊದಲು ಕಣ್ಣಮುಂದೆ ಇಟ್ಟುಕೊಳ್ಳಬೇಕು. ಮಾನ್ವಿ, ದೇವದುರ್ಗ, ರಾಯಚೂರು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಬೀಳಗಿ, ವಿಜಾಪುರ, ಧಾರವಾಡಗಳು ಬ್ರಿಟಿಷರ ಮುಂಬೈ ಪ್ರಾಂತ್ಯದಲ್ಲಿದ್ದವು. ದಕ್ಷಿಣದಲ್ಲಿ ಮೈಸೂರು ಅರಸರ ಆಡಳಿತ. ನಡುನಡುವೆ ಜಮಖಂಡಿ, ಮುಧೋಳದಂತಹ ಸಣ್ಣ ಸಂಸ್ಥಾನಗಳು. ರಾಯಚೂರಿನಲ್ಲಿ ಕಚೇರಿಯ ಭಾಷೆ ಉರ್ದು, ವಿಜಾಪುರದಲ್ಲಿ ಮರಾಠಿಯ ಮೇಲುಗೈ. ಕನ್ನಡ ಮನೆಯ ಮತ್ತು ಹೊಲದ ಮಾತು.

ಈ ಗಡಿಗಳನ್ನು ಲೆಕ್ಕಿಸದೆ ಓಡಾಡಿದ ಸಂಸ್ಥೆಗಳಲ್ಲಿ ನಾಟಕ ಕಂಪನಿ ಒಂದು. ಅದಕ್ಕೆ ದಾರಿ ಮಾಡಿಕೊಟ್ಟದ್ದು ರೈಲು. 1871ರಲ್ಲಿ ಮುಂಬೈಯಿಂದ ಬಂದ ಹಳಿ ಮತ್ತು ಮದ್ರಾಸಿನಿಂದ ಬಂದ ಹಳಿ ರಾಯಚೂರಿನಲ್ಲಿ ಕೂಡಿದವು. ಪರದೆ, ಸೀನರಿ, ಪೆಟಾರಿ, ಡೇರೆಯ ಬಟ್ಟೆ, ನಲವತ್ತು ಐವತ್ತು ಜನ, ಅವರ ಅಡುಗೆಯ ಪಾತ್ರೆಗಳು, ಇವನ್ನೆಲ್ಲ ಎತ್ತಿನ ಬಂಡಿಯ ಮೇಲೆಯೇ ನೂರಾರು ಮೈಲಿ ಸಾಗಿಸುವುದು ಕಷ್ಟವಾಗಿತ್ತು. ರೈಲು ಬಂದ ಮೇಲೆ ಜಂಕ್ಷನ್ ಇದ್ದ ಊರು ಕ್ಯಾಂಪಿನ ಊರಾಯಿತು. ಮಾನ್ವಿಯಂತಹ ಊರುಗಳಿಗೆ ರೈಲು ಇರಲಿಲ್ಲ. ಇಂತಹ ಕಡೆ ಬಂಡಿಯೇ ಗತಿ. ಜಾತ್ರೆ ಉರುಸುಗಳ ಕಾಲ, ಸುಗ್ಗಿಯ ದುಡ್ಡು ಕೈಯಲ್ಲಿ ಆಡುವ ಕಾಲ ಕಂಪನಿಗೆ ಒದಗುವ ಕಾಲ.

ಡೇರೆಯೊಳಗೆ ಒಂದು ಸಣ್ಣ ಸಮಾಜವೇ ಇರುತ್ತಿತ್ತು. ಮುಂದೆ ಕುರ್ಚಿ, ಹಿಂದೆ ಬೆಂಚು, ಅದರಾಚೆ ನೆಲ. ಹೆಂಗಸರಿಗೆ ಬೇರೆ ಜಾಗ. ಗ್ಯಾಸ್‌ಲೈಟಿನ ಬೆಳಕಿನಲ್ಲಿ ರಾತ್ರಿ ಹತ್ತಕ್ಕೆ ಸುರುವಾದ ಆಟ ಬೆಳಗಿನ ಜಾವದವರೆಗೆ ನಡೆಯುತ್ತಿತ್ತು. ಧ್ವನಿವರ್ಧಕ ಇರಲಿಲ್ಲ. ಕೊನೆಯ ಸಾಲಿನವನಿಗೆ ಕೇಳುವಂತೆ ಹಾಡಬಲ್ಲವನೇ ನಟ. ಜನ ಮೆಚ್ಚಿದರೆ 'ಒನ್ಸ್ ಮೋರ್' ಎಂದು ಕೂಗುತ್ತಿದ್ದರು, ಸತ್ತು ಬಿದ್ದಿದ್ದ ಪಾತ್ರಧಾರಿಯೂ ಎದ್ದು ಮತ್ತೊಮ್ಮೆ ಹಾಡಬೇಕಾಗುತ್ತಿತ್ತು. ಹೀಗಾಗಿ ಕಂಪನಿ ಎಂಬುದು ಸಂಗೀತದ ಶಾಲೆಯೂ ಆಯಿತು. ಮಲ್ಲಿಕಾರ್ಜುನ ಮನಸೂರರು ಹುಡುಗರಾಗಿದ್ದಾಗ ನಾಟಕ ಕಂಪನಿಯಲ್ಲಿ ಪಾತ್ರ ಮಾಡಿದವರು. ಅಬ್ದುಲ್ ಕರೀಂ ಖಾನರ ಶಿಷ್ಯರಾದ ಸವಾಯಿ ಗಂಧರ್ವರು ರಂಗದ ಮೇಲೆ ಸ್ತ್ರೀಪಾತ್ರಗಳಿಗೆ ಹೆಸರಾದವರು. ಗದಗಿನ ವೀರೇಶ್ವರ ಪುಣ್ಯಾಶ್ರಮವಂತೂ ಅಂಧ ಮಕ್ಕಳ ಅನ್ನಕ್ಕಾಗಿ ನಾಟಕ ಕಂಪನಿಯನ್ನೇ ಕಟ್ಟಿತು.

ಕೊಟ್ಟು ಕೊಂಡ ರಂಗಭೂಮಿ

ಈ ರಂಗಭೂಮಿ ಯಾರದು? ಒಂದೇ ಸಮುದಾಯದ್ದಾಗಲಿ ಒಂದೇ ಭಾಷೆಯದಾಗಲಿ ಅದು ಎಂದೂ ಆಗಿರಲಿಲ್ಲ. ಮರಾಠಿ ಸಂಗೀತ ನಾಟಕಕ್ಕೆ ಅಡಿಪಾಯ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಉತ್ತರ ಕರ್ನಾಟಕದಲ್ಲಿ ಮರಾಠಿ ನಾಟಕಗಳ ಅಬ್ಬರ ಕಂಡು, ಕನ್ನಡಕ್ಕೂ ಒಂದು ಮಂಡಳಿ ಬೇಕೆಂದು ಹಟ ತೊಟ್ಟವರು ಗದಗಿನ ಶಾಂತಕವಿ ಸಕ್ಕರಿ ಬಾಳಾಚಾರ್ಯರು. ಇನ್ನೊಂದು ದಿಕ್ಕಿನಿಂದ ಪಾರ್ಸಿ ಕಂಪನಿಗಳು ಬಂದವು. ಅವುಗಳ ಒಡೆಯರು ಪಾರ್ಸಿಗಳು, ಭಾಷೆ ಉರ್ದು-ಹಿಂದೂಸ್ತಾನಿ, ಬರೆಯುವ ಮುನ್ಷಿಗಳಲ್ಲಿ ಆಘಾ ಹಶ್ರ್ ಕಾಶ್ಮೀರಿಯಂಥವರು. ಅವರ ಜರತಾರಿ ಉಡುಪು, ಬಣ್ಣದ ಪರದೆ, ಗಜಲಿನ ಧಾಟಿಗಳನ್ನು ನಮ್ಮ ಕಂಪನಿಗಳು ಎರಡೂ ಕೈಯಿಂದ ಬಾಚಿಕೊಂಡವು. ಗುಲೇಬಕಾವಲಿಯ ಕಥೆ ಕನ್ನಡ ರಂಗದ ಮೇಲೆ ಮನೆಮಾತಾದದ್ದು ಹೀಗೆ.

ಮೈಸೂರು ಕಡೆಯಲ್ಲಿ ಈ ಕೊಡುಕೊಳ್ಳುವಿಕೆಗೆ ಒಬ್ಬ ದೊಡ್ಡ ಸಾಕ್ಷಿ ಇದ್ದಾನೆ. ಚಂದ್ರಕಲಾ ನಾಟಕ ಮಂಡಳಿಯ ಮಹಮ್ಮದ್ ಪೀರ್ ಆತ. ಷಹಜಹಾನನ ಪಾತ್ರಕ್ಕೂ ಗೌತಮ ಬುದ್ಧನ ಪಾತ್ರಕ್ಕೂ ಒಂದೇ ನಟನನ್ನು ಜನ ನೆನೆಯುತ್ತಾರೆಂದರೆ ಅವನ ಕಲೆ ಎಂಥದಿರಬೇಕು! ಸೆರೆಮನೆಯಲ್ಲಿ ಮಗನ ಕೈಯಿಂದ ಕಷ್ಟಪಟ್ಟ ಮೊಗಲ್ ಮುದುಕನನ್ನು ನೋಡಿ ಕನ್ನಡ ಪ್ರೇಕ್ಷಕರು ಅತ್ತದ್ದು ಧರ್ಮ ನೋಡಿ ಅಲ್ಲ, ಅಪ್ಪನ ಸಂಕಟ ನೋಡಿ. ಪೀರರ ಕಂಪನಿ ಎಚ್.ಎಲ್.ಎನ್. ಸಿಂಹರ 'ಸಂಸಾರನೌಕೆ' ಎಂಬ ಸಾಮಾಜಿಕ ನಾಟಕವನ್ನು ರಂಗಕ್ಕೆ ತಂದಿತು. ದೇವರು ರಾಜರ ಕಥೆಗಳನ್ನೇ ನೋಡುತ್ತಿದ್ದ ಜನಕ್ಕೆ ತಮ್ಮ ಮನೆಯ ಕಥೆ ಕಂಡಿತು. 1936ರಲ್ಲಿ ಅದೇ ನಾಟಕ ಸಿಂಹರ ನಿರ್ದೇಶನದಲ್ಲಿ ಸಿನಿಮಾ ಆಯಿತು, ಬಿ.ಆರ್. ಪಂತುಲು ಮತ್ತು ಎಂ.ವಿ. ರಾಜಮ್ಮ ಅದರಲ್ಲಿ ನಟಿಸಿದರು. ಪಂತುಲು ಪೀರರ ಕಂಪನಿಯಲ್ಲೇ ಬಣ್ಣ ಹಚ್ಚಿದವರು. ಅದೇ ಪಂತುಲು ಮುಂದೆ 1961ರಲ್ಲಿ 'ಕಿತ್ತೂರು ಚೆನ್ನಮ್ಮ' ತೆಗೆದರು. ಕನ್ನಡದ ಸ್ವಾಭಿಮಾನದ ಚಿತ್ರ ಎಂದು ನಾವು ಕೊಂಡಾಡುವ ಆ ಚಿತ್ರದ ಬೇರು ಹುಡುಕುತ್ತ ಹೋದರೆ ಒಬ್ಬ ಪೀರ್ ಸಾಹೇಬರ ಡೇರೆ ಸಿಗುತ್ತದೆ.

ಹೆಣ್ಣು ರಂಗಕ್ಕೆ ಬಂದಾಗ

ಪೀರರಿಗೆ ಇದ್ದ ಒಂದು ಅನುಕೂಲ ಬೀಳಗಿಯ ಸೋದರಿಯರಿಗೆ ಇರಲಿಲ್ಲ. ಪೀರ್ ಗಂಡಸು. ಅಂದಿನ ರಂಗಭೂಮಿಯಲ್ಲಿ ಹೆಣ್ಣಿನ ಪಾತ್ರವನ್ನೂ ಗಂಡಸರೇ ಮಾಡುತ್ತಿದ್ದರು. ಹೆಣ್ಣು ತಾನೇ ಬಂದು ಹೆಣ್ಣಾಗಿ ನಿಂತರೆ ಅವಳ ಮಾನ ಹೋಯಿತೆಂದು ಊರು ತೀರ್ಮಾನಿಸುತ್ತಿತ್ತು. ವಿಚಿತ್ರ ನೋಡಿ: ಗಂಡಸು ಸೀರೆ ಉಟ್ಟು ನಾಚಿದರೆ ಅದು ಕಲೆ, ಹೆಂಗಸು ತನ್ನದೇ ಸೀರೆಯಲ್ಲಿ ನಿಂತು ಹಾಡಿದರೆ ಅದು ಕಸಬು. ಈ ತೀರ್ಪಿಗೆ ಹಿಂದೂ ಮುಸ್ಲಿಂ ಎಂಬ ಭೇದವಿರಲಿಲ್ಲ. ದೇವದಾಸಿ ಮನೆತನಗಳಿಂದ ಬಂದ ಗಾಯಕಿಯರೂ ತವಾಯಿಫ್ ಪರಂಪರೆಯಿಂದ ಬಂದವರೂ ಬಡತನದ ಮುಸ್ಲಿಂ ಮನೆಗಳಿಂದ ಬಂದವರೂ ಒಂದೇ ಕಟಕಟೆಯಲ್ಲಿ ನಿಲ್ಲಬೇಕಾಯಿತು.

ಹಾಡಿಗೆ ಹೊಸ ಬಾಗಿಲು ತೆರೆದದ್ದು ಗ್ರಾಮೋಫೋನು. 1902ರ ನವೆಂಬರಿನಲ್ಲಿ ಕಲಕತ್ತೆಯ ಗೌಹರ್ ಜಾನ್ ತಟ್ಟೆಗೆ ಹಾಡಿದಳು. ಒಂದು ಬದಿಗೆ ಸುಮಾರು ಮೂರು ನಿಮಿಷ, ಅಷ್ಟರಲ್ಲೇ ರಾಗದ ರೂಪ ತೋರಿಸಬೇಕು. ಹಾಡು ಮುಗಿದ ಮೇಲೆ ಅವಳು ತನ್ನ ಹೆಸರನ್ನು ತಾನೇ ಕೂಗಿ ಹೇಳುತ್ತಿದ್ದಳು. ಈ ತಟ್ಟೆಯ ಮಹಿಮೆ ದೊಡ್ಡದು. ಹಾಡುವವಳ ಮನೆಗೆ ಹೋಗಲು ಹೆದರುವ ಸಭ್ಯಸ್ಥನೂ ಅವಳ ದನಿಯನ್ನು ತನ್ನ ಪಡಸಾಲೆಗೆ ಕರೆತಂದ. ದನಿ ಮನೆಯೊಳಗೆ ಬಂತು, ದನಿಯ ಒಡತಿ ಮಾತ್ರ ಹೊರಗೇ ಉಳಿದಳು.

ಇಲ್ಲಿ ಒಂದು ಗೊಂದಲವನ್ನು ತಿಳಿಗೊಳಿಸುವುದು ಒಳ್ಳೆಯದು. ಆ ಕಾಲದಲ್ಲಿ ಮೂವರು ಗೋಹರ್‌ಗಳಿದ್ದರು. ಕಲಕತ್ತೆಯ ಗೌಹರ್ ಜಾನ್ ಮೊದಲನೆಯವಳು. ಅವಳು 1928ರಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರ ಜನವರಿ 17ರಂದು ಮೈಸೂರಿನಲ್ಲೇ ತೀರಿಕೊಂಡಳು. ಎರಡನೆಯವಳು ರಣಜಿತ್ ಸ್ಟುಡಿಯೋದ ಗೋಹರ್ ಮಾಮಾಜಿವಾಲಾ, ಸಿನಿಮಾ ನಟಿ. ಮೂರನೆಯವಳು ನಮ್ಮ ಬೀಳಗಿಯ ಗೋಹರ್ ಕರ್ನಾಟಕಿ. ಹೆಸರು ಒಂದೇ ಆದುದರಿಂದ ಒಬ್ಬರ ಕಥೆಯನ್ನು ಇನ್ನೊಬ್ಬರಿಗೆ ಅಂಟಿಸುವ ಅಭ್ಯಾಸ ಇಂದಿಗೂ ಇದೆ. ಮೂವರಲ್ಲಿ ಇಬ್ಬರ ಬದುಕು ಕನ್ನಡ ನೆಲಕ್ಕೆ ತಾಕಿದೆ ಎಂಬುದಾದರೂ ನಮಗೆ ತಿಳಿದಿರಬೇಕು.

ಅಮೀರ್‌ಬಾಯಿ: ಬೀಳಗಿಯಿಂದ ಬಾಂಬೆ ಟಾಕೀಸಿಗೆ

ಬೀಳಗಿ ಇಂದು ಬಾಗಲಕೋಟೆ ಜಿಲ್ಲೆಯಲ್ಲಿದೆ, ಅಂದು ವಿಜಾಪುರ ಜಿಲ್ಲೆಯಲ್ಲಿತ್ತು. ಕಂದಗಲ್ ಹನುಮಂತರಾಯರಂಥ ನಾಟಕಕಾರರನ್ನು ಕೊಟ್ಟ ಜಿಲ್ಲೆ ಅದು. ನಾಟಕ ಸಂಗೀತಗಳ ಒಡನಾಟವಿದ್ದ ಮುಸ್ಲಿಂ ಮನೆಯೊಂದರಲ್ಲಿ, ಇಪ್ಪತ್ತನೆಯ ಶತಮಾನದ ಆರಂಭದ ವರ್ಷಗಳಲ್ಲಿ ಈ ಸೋದರಿಯರು ಹುಟ್ಟಿದರು. ಮನೆಯಲ್ಲಿ ಹೆಣ್ಣುಮಕ್ಕಳು ಹಲವರು, ಹೆಸರು ಮಾಡಿದವರು ಈ ಇಬ್ಬರು. ಕನ್ನಡ ಕಂಪನಿಗಳ ರಂಗವೇ ಇವರ ಮೊದಲ ಶಾಲೆ.

1931ರ ಮಾರ್ಚ್ 14ರಂದು ಮುಂಬೈಯಲ್ಲಿ 'ಆಲಂ ಆರಾ' ತೆರೆಕಂಡಿತು. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ಕನ್ನಡದ 'ಸತಿ ಸುಲೋಚನಾ' ಬಂತು, ಅದರ ಚಿತ್ರೀಕರಣ ನಡೆದದ್ದು ಕೊಲ್ಲಾಪುರದಲ್ಲಿ. ಮಾತು ಬಂದ ಸಿನಿಮಾಕ್ಕೆ ಹಾಡಬಲ್ಲ ಮುಖಗಳು ಬೇಕಾಗಿದ್ದವು. ಹಿನ್ನೆಲೆ ಗಾಯನ ಇನ್ನೂ ಬಂದಿರಲಿಲ್ಲ. ನಟಿಸುವವರೇ ಕ್ಯಾಮೆರಾದ ಮುಂದೆ ಹಾಡಬೇಕು, ಮೈಕು ಗಿಡದ ಹಿಂದೆಯೋ ಕಂಬದ ಮರೆಯಲ್ಲೋ ಇರುತ್ತಿತ್ತು. ನಾಟಕ ಕಂಪನಿಯಲ್ಲಿ ಪಳಗಿದ ಗಂಟಲುಗಳಿಗೆ ಬೆಲೆ ಬಂದದ್ದು ಆಗ. ಅಮೀರ್‌ಬಾಯಿ 1934ರ 'ವಿಷ್ಣುಭಕ್ತಿ'ಯೊಂದಿಗೆ ಹಿಂದಿ ಸಿನಿಮಾಕ್ಕೆ ಕಾಲಿಟ್ಟಳು. ಮೊದಲ ಕೆಲವು ವರ್ಷ ಸಣ್ಣಪುಟ್ಟ ಪಾತ್ರಗಳಲ್ಲೇ ಕಳೆದವು.

1935ರ ಹೊತ್ತಿಗೆ ಹಿನ್ನೆಲೆ ಗಾಯನದ ಪದ್ಧತಿ ಸುರುವಾಯಿತು. ಹಾಡುವ ದನಿಯೇ ಬೇರೆ, ತೆರೆಯ ಮೇಲೆ ತುಟಿ ಆಡಿಸುವ ಮುಖವೇ ಬೇರೆ. ಬಹಳ ಜನ ಹಾಡು-ನಟಿಯರನ್ನು ಈ ಬದಲಾವಣೆ ಮೂಲೆಗೆ ತಳ್ಳಿತು. ಅಮೀರ್‌ಬಾಯಿಗೆ ಮಾತ್ರ ಅದು ಏಣಿಯಾಯಿತು. 1940ರಲ್ಲಿ ವಿಜಯ ಭಟ್ಟರ 'ನರಸಿ ಭಗತ್' ಬಂತು. ಗಾಂಧೀಜಿಯವರ ಪ್ರಾರ್ಥನಾ ಸಭೆಗಳಲ್ಲಿ ಕೇಳಿಬರುತ್ತಿದ್ದ ನರಸಿ ಮೆಹತಾನ ಪ್ರಸಿದ್ಧ ಭಜನೆಯನ್ನು ಆ ಚಿತ್ರಕ್ಕೆ ಹಾಡಿದವರಲ್ಲಿ ಬೀಳಗಿಯ ಈ ಮುಸ್ಲಿಂ ಹೆಣ್ಣುಮಗಳೂ ಒಬ್ಬಳು. ಗುಜರಾತಿಗಳಿಗೂ ಅವಳ ದನಿ ಬೇಕಾಯಿತು. 1946ರ ಗುಜರಾತಿ ಚಿತ್ರ 'ರಾಣಕದೇವಿ'ಯಲ್ಲಿ ಅವಳು ಹಾಡಿದ ಹಾಡು ಆ ನಾಡಿನ ಮನೆಮನೆಯ ಹಾಡಾಯಿತು.

ಇವೆಲ್ಲವನ್ನೂ ಮೀರಿಸಿದ್ದು 1943ರ 'ಕಿಸ್ಮತ್'. ಬಾಂಬೆ ಟಾಕೀಸಿನ ಚಿತ್ರ, ಜ್ಞಾನ ಮುಖರ್ಜಿಯವರ ನಿರ್ದೇಶನ, ಅನಿಲ್ ಬಿಸ್ವಾಸರ ಸಂಗೀತ, ಕವಿ ಪ್ರದೀಪರ ಹಾಡುಗಳು, ಅಶೋಕ್ ಕುಮಾರ್ ನಾಯಕ. ನಾಯಕಿ ಮುಮ್ತಾಜ್ ಶಾಂತಿಯ ದನಿಯಾದವಳು ಅಮೀರ್‌ಬಾಯಿ. ಚಿತ್ರದ ಹೆಚ್ಚಿನ ಹಾಡುಗಳು ಅವಳವೇ. ಕಲಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ಅದು ಮೂರು ವರ್ಷಕ್ಕೂ ಮಿಕ್ಕಿ ಓಡಿತು.

ಕ್ವಿಟ್ ಇಂಡಿಯಾ ಚಳವಳಿ ನಡೆದು ಕೆಲವೇ ತಿಂಗಳಾಗಿತ್ತು, ನಾಯಕರೆಲ್ಲ ಜೈಲಿನಲ್ಲಿದ್ದರು. ಪರಕೀಯರಿಗೆ 'ನಮ್ಮ ನಾಡಿನಿಂದ ಆಚೆ ನಡೆಯಿರಿ' ಎನ್ನುವ ಅರ್ಥದ ಒಂದು ಹಾಡು ಆ ಚಿತ್ರದಲ್ಲಿತ್ತು. ಎರಡನೆಯ ಮಹಾಯುದ್ಧದ ಕಾಲವಾದುದರಿಂದ ಹಾಡಿನೊಳಗೆ ಜರ್ಮನ್, ಜಪಾನಿಯರ ಹೆಸರು ಹಾಕಿದ್ದರು. ಸೆನ್ಸಾರಿನವರು ಅದನ್ನು ಬ್ರಿಟಿಷರ ಶತ್ರುಗಳ ವಿರುದ್ಧದ ಹಾಡೆಂದು ಬಿಟ್ಟರು, ಜನ ಅದನ್ನು ಬ್ರಿಟಿಷರಿಗೇ ಹೇಳಿದ ಮಾತೆಂದು ಕೇಳಿ ಚಪ್ಪಾಳೆ ತಟ್ಟಿದರು. ಆ ಹಾಡಿನ ಮುಂದಾಳು ದನಿಗಳಲ್ಲಿ ಅಮೀರ್‌ಬಾಯಿಯದೂ ಒಂದು. ಸ್ವಾತಂತ್ರ್ಯ ಚಳವಳಿಯಲ್ಲಿ ಕನ್ನಡ ಮುಸ್ಲಿಮರ ಪಾತ್ರವೇನೆಂದು ಯಾರಾದರೂ ಕೇಳಿದಾಗ ನಮಗೆ ನೆನಪಾಗಬೇಕಾದ ಹೆಸರುಗಳಲ್ಲಿ ಇದೂ ಸೇರಬೇಕಲ್ಲವೆ?

1944ರ 'ರತನ್' ಚಿತ್ರದಲ್ಲಿ ನೌಷಾದರ ಸಂಗೀತಕ್ಕೆ ಅವಳು ಹಾಡಿದಳು. 1948ರಲ್ಲಿ 'ಶಹನಾಜ್' ಚಿತ್ರಕ್ಕೆ ತಾನೇ ಸಂಗೀತ ನಿರ್ದೇಶಕಿಯಾದಳು. ಅಲ್ಲಿಯವರೆಗೆ ಹಿಂದಿ ಚಿತ್ರರಂಗದಲ್ಲಿ ಆ ಪೀಠದಲ್ಲಿ ಕೂತ ಹೆಂಗಸರು ಜದ್ದನ್‌ಬಾಯಿ, ಸರಸ್ವತಿ ದೇವಿಯಂಥ ಕೆಲವರು ಮಾತ್ರ. ಕಂಪನಿಯ ಕಾಲ್ಪೆಟ್ಟಿಗೆಯ ಪಕ್ಕದಲ್ಲಿ ನಿಂತು ಹಾಡು ಕಲಿತ ಹುಡುಗಿ ವಾದ್ಯಮೇಳಕ್ಕೇ ಹೀಗೆ ನುಡಿಸಿ ಎಂದು ಹೇಳುವ ಜಾಗಕ್ಕೆ ಬಂದಿದ್ದಳು. 'ಕನ್ನಡ ಕೋಗಿಲೆ' ಎಂಬ ಬಿರುದೂ ಅವಳ ಹೆಸರಿಗೆ ಕೂಡಿಕೊಂಡಿತು.

ತೆರೆಯ ಮೇಲಿನ ಗೆಲುವು ಮನೆಯೊಳಗೆ ಇರಲಿಲ್ಲ. ಆಕೆ ಮದುವೆಯಾದದ್ದು ಖಳನಾಯಕನ ಪಾತ್ರಗಳಿಗೆ ಹೆಸರಾಗಿದ್ದ ಹಿಮಾಲಯವಾಲಾ ಎಂಬ ನಟನನ್ನು. ಅವನ ಹಿಂಸೆಯನ್ನು ತಾಳಲಾಗದೆ ಅವನಿಂದ ಬಿಡುಗಡೆ ಪಡೆದಳು. ಕ್ರೌರ್ಯದ ಕಾರಣಕ್ಕೆ ಮುಸ್ಲಿಂ ಹೆಂಗಸು ನ್ಯಾಯಾಲಯದಲ್ಲಿ ವಿಚ್ಛೇದನ ಕೇಳಬಹುದೆಂದು 1939ರ ಕಾಯಿದೆ ಆಗಲೇ ಸ್ಪಷ್ಟಪಡಿಸಿತ್ತು. ಆದರೆ ಕಾಯಿದೆ ಇರುವುದು ಬೇರೆ, ಗಂಡನ ಮನೆಯಿಂದ ಹೊರಬರುವ ಧೈರ್ಯ ಬೇರೆ. ದೇಶ ಇಬ್ಭಾಗವಾದಾಗ ಅವನು ಪಾಕಿಸ್ತಾನಕ್ಕೆ ಹೋದ. ನೂರ್ ಜಹಾನಳಂತಹ ತಾರೆಯೂ ಹೋದಳು. ಅಮೀರ್‌ಬಾಯಿ ಮುಂಬೈಯಲ್ಲೇ ಉಳಿದಳು. ಮುಂದೆ 'ಪಾರಸ್' ಪತ್ರಿಕೆಯ ಸಂಪಾದಕ ಬದ್ರಿ ಕಾಂಚವಾಲಾ ಅವರನ್ನು ಮದುವೆಯಾದಳು.

1949ರಿಂದ ಲತಾ ಮಂಗೇಶ್ಕರ್ ಅವರ ದನಿ ಎಲ್ಲೆಡೆ ಹಬ್ಬಿತು. ಮೈಕು ಸುಧಾರಿಸಿತ್ತು, ಕೊನೆಯ ಸಾಲಿಗೆ ಮುಟ್ಟುವಂತೆ ಹಾಡುವ ತುಂಬುಗಂಟಲು ಈಗ ಬೇಕಿರಲಿಲ್ಲ, ತೆಳ್ಳಗಿನ ನವಿರು ದನಿ ಬೇಕಾಗಿತ್ತು. ಜೊಹ್ರಾಬಾಯಿ ಅಂಬಾಲೆವಾಲಿ, ರಾಜಕುಮಾರಿ, ಅಮೀರ್‌ಬಾಯಿ, ಹೀಗೆ ಒಂದು ತಲೆಮಾರೇ ಹಿಂದೆ ಸರಿಯಿತು. 1950ರ 'ಸಮಾಧಿ' ಚಿತ್ರದಲ್ಲಿ ಲತಾ ಜೊತೆ ಅಮೀರ್‌ಬಾಯಿ ಹಾಡಿದ ಒಂದು ಯುಗಳಗೀತೆ ಇಂದಿಗೂ ಕೇಳಿಬರುತ್ತದೆ, ಹೋಗುವ ಕಾಲವೂ ಬರುವ ಕಾಲವೂ ಅದರಲ್ಲಿ ಒಟ್ಟಿಗೇ ಕೇಳಿಸುತ್ತವೆ. ಆಮೇಲೆ ಅವಳು ತಾಯಿ, ಅತ್ತೆಯಂತಹ ಪೋಷಕ ಪಾತ್ರಗಳಲ್ಲಿ ಕಾಣಿಸಿಕೊಂಡಳು. 1965ರ ಮಾರ್ಚ್ 3ರಂದು, ಪಾರ್ಶ್ವವಾಯು ಬಡಿದ ಕೆಲವೇ ದಿನಗಳಲ್ಲಿ, ತೀರಿಕೊಂಡಳು. ಮಣ್ಣಾದದ್ದು ವಿಜಾಪುರದಲ್ಲಿ. ಆ ಊರಿನಲ್ಲಿ ಅವಳ ಹೆಸರಿನದೇ ಅಮೀರ್ ಟಾಕೀಸ್ ಇತ್ತು.

ಗೋಹರ್‌ಬಾಯಿ: ಆಪಾದನೆ ಮತ್ತು ಇಸವಿಗಳು

ಅಮೀರ್‌ಬಾಯಿಯನ್ನು ಜನ ಮರೆತರು. ಗೋಹರ್‌ಬಾಯಿಯನ್ನು ಮರೆಯಲಿಲ್ಲ, ದೂಷಿಸಿದರು. ಮರೆವಿಗಿಂತ ಇದು ಕಠಿಣ.

ನಾರಾಯಣ ಶ್ರೀಪಾದ ರಾಜಹಂಸ ಎಂಬ ಬಾಲಗಂಧರ್ವರು 1888ರಲ್ಲಿ ಹುಟ್ಟಿದವರು. ಸ್ತ್ರೀಪಾತ್ರದಲ್ಲಿ ಅವರನ್ನು ಮೀರಿಸಿದವರಿಲ್ಲ. ಮಹಾರಾಷ್ಟ್ರದ ಹೆಂಗಸರು ಸೀರೆ ಉಡುವುದನ್ನೂ ಮುಡಿ ಕಟ್ಟುವುದನ್ನೂ ಅವರನ್ನು ನೋಡಿ ಕಲಿತರೆಂದು ಹೇಳುವುದುಂಟು. 1913ರಲ್ಲಿ ಗಂಧರ್ವ ನಾಟಕ ಮಂಡಳಿ ಹುಟ್ಟಿತು. ಕನ್ನಡ ಸೀಮೆಯಲ್ಲೂ ಅವರ ತಟ್ಟೆಗಳು ಓಡಾಡಿದವು. ಆ ತಟ್ಟೆಗಳನ್ನು ಕೇಳಿ ಕೇಳಿ, ಅವರ ಗಾಯಕಿಯನ್ನು ಏಕಲವ್ಯನಂತೆ ಕಲಿತವಳು ಗೋಹರ್. ಮೂವತ್ತರ ದಶಕದ ಕೊನೆಯ ಭಾಗದಲ್ಲಿ ಆಕೆ ಅವರ ಮಂಡಳಿಯನ್ನು ಸೇರಿದಳು, ಅವರ ನಾಟಕಗಳಲ್ಲಿ ಸ್ತ್ರೀಪಾತ್ರಗಳನ್ನು ವಹಿಸಿದಳು. 1951ರಲ್ಲಿ ಇಬ್ಬರೂ ಮದುವೆಯಾದರು.

ಮರಾಠಿ ರಸಿಕರಲ್ಲಿ ಅನೇಕರಿಗೆ ಇದು ಸಹನೆಯಾಗಲಿಲ್ಲ. 'ನಮ್ಮ ಗಂಧರ್ವರನ್ನು ಒಬ್ಬ ಮುಸಲ್ಮಾನ ಹೆಂಗಸು ಮರುಳುಮಾಡಿ ಕೆಡಿಸಿದಳು, ಕಂಪನಿಯನ್ನು ಮುಳುಗಿಸಿದಳು' ಎಂಬ ಮಾತು ಹುಟ್ಟಿತು, ಬೆಳೆಯಿತು, ಬರಹಗಳಲ್ಲೂ ಬಂತು. ಒಬ್ಬ ಮಹಾ ಕಲಾವಿದನ ಕೊನೆಗಾಲ ಬಡತನದಲ್ಲಿ ಕಳೆದರೆ ಅದಕ್ಕೆ ಯಾರನ್ನಾದರೂ ಹೊಣೆ ಮಾಡಬೇಕೆಂದು ಅಭಿಮಾನಿಗಳಿಗೆ ಅನಿಸುವುದು ಸಹಜ. ಹೊಣೆಗೆ ಸಿಕ್ಕವಳು ಹೆಣ್ಣು, ಪರಧರ್ಮದವಳು, ಮೇಲಾಗಿ ಪರಭಾಷೆಯ ಸೀಮೆಯವಳು. ಮೂರೂ ಒಬ್ಬಳಲ್ಲೇ ಕೂಡಿದ್ದವು.

ಇದಕ್ಕೆ ಉತ್ತರ ಭಾವನೆಯಿಂದ ಬೇಡ, ಇಸವಿಗಳಿಂದ ನೋಡೋಣ. ಗಂಧರ್ವರು ನಿಜವಾದ ಭಾರೀ ಸೀರೆ, ಒಡವೆ, ಅತ್ತರುಗಳನ್ನೇ ರಂಗಕ್ಕೆ ಬಳಸುತ್ತಿದ್ದರು. ಆ ವೈಭವದ ಖರ್ಚಿನಿಂದ ಅವರ ಮಂಡಳಿ 1920ರ ದಶಕದ ಆರಂಭದಲ್ಲೇ ದೊಡ್ಡ ಸಾಲಕ್ಕೆ ಸಿಕ್ಕಿತ್ತು. ಅಂದು ಗೋಹರ್ ಬೀಳಗಿ ಸೀಮೆಯ ಎಳೆಯ ಹುಡುಗಿ. 1931ರಲ್ಲಿ ಟಾಕಿ ಬಂತು, ಒಂದೊಂದಾಗಿ ನಾಟಕಗೃಹಗಳು ಸಿನಿಮಾ ಮಂದಿರಗಳಾದವು. ಈ ಹೊಡೆತಕ್ಕೆ ಸಿಕ್ಕಿದ್ದು ಗಂಧರ್ವ ಮಂಡಳಿ ಒಂದೇ ಅಲ್ಲ, ಕನ್ನಡ ಮರಾಠಿಗಳ ಹತ್ತಾರು ಕಂಪನಿಗಳು ಹಾಗೆಯೇ ಕುಸಿದವು. ದಾರಿ ಹುಡುಕುತ್ತ ಗಂಧರ್ವರೇ ಸಿನಿಮಾಕ್ಕೆ ಹೋದರು. 1935ರಲ್ಲಿ ವಿ. ಶಾಂತಾರಾಮರ 'ಧರ್ಮಾತ್ಮಾ'ದಲ್ಲಿ ಸಂತ ಏಕನಾಥನಾದರು. ಆ ಮಾಧ್ಯಮ ಅವರಿಗೆ ಒಗ್ಗಲಿಲ್ಲ. ಬಳಿಕ ಮೀರಾಬಾಯಿಯಾಗಿ ತೆರೆಯ ಮೇಲೆ ಬಂದರು. ರಂಗದ ಮೇಲೆ ದೂರದಿಂದ ನಂಬಿಸುತ್ತಿದ್ದ ಸ್ತ್ರೀರೂಪವನ್ನು ಕ್ಯಾಮೆರಾ ಹತ್ತಿರದಿಂದ ನೋಡಿಬಿಟ್ಟಿತು. ಇಷ್ಟೆಲ್ಲ ಆದ ಮೇಲೆ, ಇಳಿಮುಖವಾಗಿದ್ದ ಮಂಡಳಿಗೆ ಬಂದವಳು ಗೋಹರ್. ಮುಳುಗುತ್ತಿದ್ದ ಹಡಗನ್ನು ಹತ್ತಿದವಳನ್ನು ಹಡಗು ಮುಳುಗಿಸಿದವಳು ಎನ್ನುವುದು ಯಾವ ನ್ಯಾಯ?

ಗಂಧರ್ವರ ಮೊದಲ ಪತ್ನಿ ಲಕ್ಷ್ಮೀಬಾಯಿ 1940ರಲ್ಲಿ ತೀರಿಕೊಂಡಿದ್ದರು. ಆಮೇಲಿನ ವರ್ಷಗಳಲ್ಲಿ ಗಂಧರ್ವರ ಕಾಲುಗಳು ಸ್ವಾಧೀನ ತಪ್ಪಿದವು. ರಂಗ ಹೋಗಿ ಭಜನೆಯ ಕಾರ್ಯಕ್ರಮಗಳು ಉಳಿದವು. ಸೀರೆಯ ಅಂಚು ನೋಡಲು ಬಂದಿದ್ದ ರಸಿಕರು ಆಗ ಚದುರಿದ್ದರು. ಅವರನ್ನು ನೋಡಿಕೊಂಡವಳು, ಜೊತೆಯಲ್ಲಿ ಕೂತು ಹಾಡಿದವಳು ಗೋಹರ್. 1964ರಲ್ಲಿ ಗೋಹರ್ ತೀರಿಕೊಂಡಳು. ಅದೇ ವರ್ಷ ಸರಕಾರ ಗಂಧರ್ವರಿಗೆ ಪದ್ಮಭೂಷಣ ನೀಡಿತ್ತು. 1967ರ ಜುಲೈ 15ರಂದು ಅವರೂ ಹೋದರು. ಆಕೆಗೆ ತಪ್ಪುಗಳೇ ಇರಲಿಲ್ಲ ಎಂದು ನಾವು ಹೇಳುತ್ತಿಲ್ಲ, ಕಂಪನಿಯ ಒಳಜಗಳಗಳಲ್ಲಿ ಯಾರ ಪಾಲು ಎಷ್ಟೆಂದು ದೂರದಿಂದ ತೂಗಲಾಗದು. ನಮ್ಮ ತಕರಾರು ಇಷ್ಟೇ: ಗಂಡಸರ ಲೆಕ್ಕಪತ್ರದ ನಷ್ಟವನ್ನೂ ಕಾಲದ ಹೊಡೆತವನ್ನೂ ಒಟ್ಟುಗೂಡಿಸಿ ಒಬ್ಬ ಹೆಂಗಸಿನ ಖಾತೆಗೆ ಬರೆಯಬಾರದು.

'ಕರ್ನಾಟಕಿ' ಎಂಬ ಹೆಸರು

ಈ ಸೋದರಿಯರು ತಮ್ಮ ಹೆಸರಿಗೆ ಸೇರಿಸಿಕೊಂಡ ಪದದ ಬಗ್ಗೆ ಒಂದು ಮಾತು. ಅಂದು ಕರ್ನಾಟಕ ಎಂಬ ರಾಜ್ಯ ಇರಲಿಲ್ಲ. ಅದು ಕವಿಗಳ ಹಾಡಿನಲ್ಲಿ, ಏಕೀಕರಣದ ಸಭೆಗಳಲ್ಲಿ ಇದ್ದ ಆಸೆ. ರಾಯಚೂರು ಸೀಮೆ ನಿಜಾಮರ ಆಡಳಿತದಿಂದ ಹೊರಬಂದದ್ದು 1948ರ ಸೆಪ್ಟೆಂಬರಿನಲ್ಲಿ. ಬೀಳಗಿಯೂ ಮಾನ್ವಿಯೂ ಒಂದೇ ರಾಜ್ಯಕ್ಕೆ ಬಂದದ್ದು 1956ರ ನವೆಂಬರ್ 1ರಂದು. ಆ ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದದ್ದು 1973ರಲ್ಲಿ. ಅಷ್ಟರಲ್ಲಿ ಅಮೀರ್‌ಬಾಯಿ ತೀರಿಕೊಂಡು ಎಂಟು ವರ್ಷ, ಗೋಹರ್ ತೀರಿಕೊಂಡು ಒಂಬತ್ತು ವರ್ಷ. ಸರಕಾರದ ಗೆಜೆಟ್ಟಿಗೆ ಬರುವ ಮೊದಲೇ ಈ ಹ���ಸರು ಸಿನಿಮಾ ಪೋಸ್ಟರುಗಳ ಮೇಲೆ, ಗ್ರಾಮೋಫೋನ್ ತಟ್ಟೆಗಳ ನಡುವಿನ ಬಣ್ಣದ ಚೀಟಿಯ ಮೇಲೆ ದೇಶವನ್ನೆಲ್ಲ ಸುತ್ತಿತ್ತು.

ಊರಿನ ಹೊರಗೆ ಹೋದವರಿಗೆ ಊರಿನ ಹೆಸರು ಅಂಟುವುದು ಅಂದಿನ ರೂಢಿ. ಕೊಲ್ಲಾಪುರದ ಚಿತ್ರ ನಿರ್ದೇಶಕ ಮಾಸ್ಟರ್ ವಿನಾಯಕ ಅವರ ಮನೆತನದ ಹೆಸರೂ ಕರ್ನಾಟಕಿಯೇ. ಆದರೆ ಹೆಂಗಸರ ವಿಷಯದಲ್ಲಿ ಇದಕ್ಕೆ ಇನ್ನೊಂದು ಅರ್ಥವೂ ಇದೆ. ಹಾಡುವ ಹೆಣ್ಣಿಗೆ ತಂದೆಯ ಮನೆತನದ ಹೆಸರಾಗಲಿ ಗಂಡನ ಹೆಸರಾಗಲಿ ಸಲ್ಲದು ಎಂದು ಸಮಾಜ ತಿಳಿದಿತ್ತು. ಅಂಬಾಲೆವಾಲಿ, ಆಗ್ರೇವಾಲಿ, ಕರ್ನಾಟಕಿ, ಹೀಗೆ ಊರೇ ಅವಳ ವಂಶ. ನಾಡು ಅವಳನ್ನು ಮಗಳೆಂದು ಕರೆಯುವ ಮೊದಲೇ ಅವಳು ನಾಡನ್ನು ತಾಯಿಯೆಂದು ಬರೆದುಕೊಂಡಿದ್ದಳು.

ಹಾಗಿದ್ದೂ ಮರೆತದ್ದೇಕೆ? ಕನ್ನಡ ಸಿನಿಮಾದ ಚರಿತ್ರೆ ಬರೆಯುವವರು ಕನ್ನಡ ಚಿತ್ರಗಳನ್ನು ಎಣಿಸಿದರು, ಇವರು ಹಿಂದಿ ಮರಾಠಿಗಳಲ್ಲಿ ಹಾಡಿದವರು ಎಂದು ಬಿಟ್ಟರು. ಹಿಂದಿಯವರು ದನಿಯನ್ನು ಇಟ್ಟುಕೊಂಡು ಊರನ್ನು ಬಿಟ್ಟರು. ಮರಾಠಿಯವರು ಒಬ್ಬಳನ್ನು ಖಳನಾಯಕಿ ಮಾಡಿದರು. ಮುಸ್ಲಿಮರಾದ ನಾವು ಹಾಡಿ ಕುಣಿದವರ ಹೆಸರೆತ್ತಲು ಸಂಕೋಚಪಟ್ಟೆವು. ಸಂಗೀತದ ಬಗ್ಗೆ ನಮ್ಮೊಳಗೆ ಇರುವ ಭಿನ್ನಾಭಿಪ್ರಾಯ ಹಳೆಯದು, ಅದನ್ನು ಇಲ್ಲಿ ಬಗೆಹರಿಸಬೇಕಾಗಿಲ್ಲ. ಆದರೆ ಹೊಟ್ಟೆಪಾಡಿಗೆ ದುಡಿದು, ಹೊಡೆಯುವ ಗಂಡನಿಂದ ಬಿಡುಗಡೆ ಪಡೆದು, ತನ್ನ ಕಾಲ ಮೇಲೆ ನಿಂತ ಹೆಣ್ಣುಮಗಳೊಬ್ಬಳ ಬದುಕಿನ ಬಗ್ಗೆ ಮೌನ ತಾಳುವುದಕ್ಕೆ ಅದು ನೆಪವಾಗಬಾರದು. ಈ ಮೌನವನ್ನು ಕನ್ನಡದಲ್ಲಿ ದೊಡ್ಡದಾಗಿ ಮುರಿದವರು ರಹಮತ್ ತರೀಕೆರೆ. ಅಮೀರ್‌ಬಾಯಿಯ ಮೇಲೆ ಅವರು ಇಡೀ ಪುಸ್ತಕವನ್ನೇ ಬರೆದರು.

ನೆನಪನ್ನು ಕಟ್ಟುವುದು ಅಸಾಧ್ಯವೇನಲ್ಲ. ವಚನಗಳನ್ನು ಹಿಂದೂಸ್ತಾನಿ ಧಾಟಿಯಲ್ಲಿ ಹಾಡಿ ಮನೆಮನೆಗೆ ಮುಟ್ಟಿಸಿದ ಸಿದ್ಧರಾಮ ಜಂಬಲದಿನ್ನಿಯವರ ಹೆಸರನ್ನು ರಾಯಚೂರಿನ ರಂಗಮಂದಿರ ಹೊತ್ತಿದೆ. ವಿಜಯಪುರದ ರಂಗಮಂದಿರಕ್ಕೆ ಕಂದಗಲ್ ಹನುಮಂತರಾಯರ ಹೆಸರಿದೆ. ಇವು ಸರಿಯಾದ ಗೌರವಗಳು. ಇವುಗಳ ಸಾಲಿನಲ್ಲಿ ಒಬ್ಬ ಮಹಮ್ಮದ್ ಪೀರ್, ಒಬ್ಬ ಅಮೀರ್‌ಬಾಯಿ, ಒಬ್ಬ ಗೋಹರ್‌ಬಾಯಿಗೂ ಜಾಗ ಇರಬೇಕು.

ಕಟ್ಟಡಕ್ಕಿಂತ ಮೊದಲು ಮಾಡಬಹುದಾದ ಕೆಲಸಗಳೂ ಇವೆ. ರಾಯಚೂರು, ಮಾನ್ವಿ, ದೇವದುರ್ಗ, ಸಿಂಧನೂರಿನ ಹಳೆಯ ಮನೆಗಳ ಅಟ್ಟದಲ್ಲಿ ತಟ್ಟೆಗಳು, ನಾಟಕದ ಹಸ್ತಪತ್ರಿಕೆಗಳು, ಉರ್ದು ಲಿಪಿಯಲ್ಲಿ ಬರೆದುಕೊಂಡ ಹಾಡಿನ ವಹಿಗಳು ಇದ್ದರೆ ಅವು ರದ್ದಿಗೆ ಹೋಗುವ ಮೊದಲು ತೆಗೆದಿಡಬೇಕು. ಕಂಪನಿಯಲ್ಲಿ ತಬಲಾ ಬಾರಿಸಿದ, ಪರದೆ ಎಳೆದ, ಬಣ್ಣ ಹಚ್ಚಿದ ಹಿರಿಯರಿದ್ದರೆ ಅವರ ಮಾತನ್ನು ಫೋನಿನಲ್ಲಾದರೂ ದಾಖಲಿಸಬೇಕು. ಊರಿನ ಚರಿತ್ರೆ ಎಂದರೆ ಕೋಟೆ ಮತ್ತು ಶಾಸನಗಳಷ್ಟೇ ಅಲ್ಲ, ಗ್ಯಾಸ್‌ಲೈಟಿನ ಕೆಳಗೆ ನಿಂತು ಹಾಡಿದವರದೂ ಹೌದು.

ದಾಸರ ಪದ ಮತ್ತು ರಿವಾಯತ್ ಎರಡನ್ನೂ ಕೇಳಿ ಬೆಳೆದ ಈ ನೆಲಕ್ಕೆ ಅಮೀರ್‌ಬಾಯಿಯಂಥವರು ಪರಕೀಯರಲ್ಲ. ಭಜನೆಯನ್ನೂ ಗಜಲನ್ನೂ ಒಂದೇ ಗಂಟಲಿನಲ್ಲಿ ಹಾಡಿದ ಹೆಣ್ಣು ಇಂಥ ಸೀಮೆಯಲ್ಲದೆ ಮತ್ತೆಲ್ಲಿ ಹುಟ್ಟಬೇಕು? ಅವರು ತಮ್ಮ ಹೆಸರಿನಲ್ಲಿ ನಮ್ಮ ನಾಡನ್ನು ಹೊತ್ತು ನಡೆದರು. ನಮ್ಮ ನಾಡಿನ ಚರಿತ್ರೆಯಲ್ಲಿ ಅವರ ಹೆಸರನ್ನು ಬರೆಯುವ ಸಾಲ ನಮ್ಮ ಮೇಲಿದೆ.